ಬೇ ಎಂದರೆ ಕೊಲ್ಲಿ

ಮಗಳೇ ಜಿನಶ್ರೀ,

ಮಾದಿಹಳ್ಳಿಯಿಂದ ಬಿಂದುವಿನ ತಾಯಿ ಅನುಸೂಯಮ್ಮ ಬರೆಯುತ್ತಿದ್ದೇನೆ. ನಿನ್ನನ್ನು ಮಗಳೇ ಎನ್ನುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಏನು ಬರೆದರೂ ಕೈ ಮುಂದಕ್ಕೆ ಹೋಗಲಿಲ್ಲ, ಹಾಗಾಗಿ ಅದನ್ನೇ ಇಟ್ಟುಕೊಂಡೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಅಳುತ್ತೇನೆ, ನೀನು "ಇರ್ಲಿ ಬಿಡಿ ಆಂಟಿ" ಅನ್ನುತ್ತೀಯ, ಅಲ್ಲಿಗೆ ಮಾತು ಮುಗಿದುಹೋಗುತ್ತದೆ. ಹಾಗೆ ಮುಗಿಯಬಾರದು. ನಾನು ಮಾಡಿದ್ದರಲ್ಲಿ ಅರ್ಧ ಮಾತ್ರ ನಿನಗೆ ಗೊತ್ತಿದೆ.

ನನ್ನ ಕೆಲಸ ನೀನು ನೋಡಿದ್ದೀಯ. ಹದಿನಾರು ವರ್ಷದಿಂದ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದೇನೆ. ಸಾಲಿನಲ್ಲಿ ನಿಂತವರ ಕ್ಯಾನು ನೋಡುವ ಮೊದಲು ಮುಖ ನೋಡುತ್ತೇನೆ. ನೀರು ಬೆರೆಸಿ ತಂದವರು ಅವತ್ತು ನನ್ನೊಡನೆ ಹೆಚ್ಚು ಮಾತಾಡುತ್ತಾರೆ. ನನ್ನ ಮಂಡಿನೋವು ವಿಚಾರಿಸುತ್ತಾರೆ, ಬಿಂದುವಿನ ಓದು ಕೇಳುತ್ತಾರೆ. ಆಗಲೇ ನನಗೆ ಗೊತ್ತಾಗಿಬಿಡುತ್ತದೆ. ಆಮೇಲೆ ಮೆಷಿನ್ನು ಹೇಳುವುದು ಬರೀ ಸಾಕ್ಷಿ. ಒಂದು ಸಲವೂ ನನ್ನ ಅನುಮಾನ ಸುಳ್ಳಾಗಿಲ್ಲ ಎಂದು ನಾನು ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆ ಸೊಕ್ಕೇ ನನ್ನನ್ನು ನಿಮ್ಮ ಮನೆ ಬಾಗಿಲಿಗೆ ತಂದು ನಿಲ್ಲಿಸಿತು.

ನಿನ್ನ ಮೇಲೆ ನನಗೆ ಮೊದಲಿಂದ ಸಿಟ್ಟಿತ್ತು ಎಂದು ಮಾತ್ರ ತಿಳಿಯಬೇಡ. ಬೇಲೂರಿನ ಕಾಲೇಜು ಬಿಟ್ಟ ಮೇಲೆ ಹಳೇಬೀಡಿನ ಬಸ್ಸಿನಲ್ಲಿ ನೀನು ನಿಮ್ಮ ಮನೆಗೆ ನೇರ ಹೋಗಬಹುದಿತ್ತು. ಆದರೂ ನೀನು ಬಿಂದುವಿನ ಜೊತೆ ಇಲ್ಲೇ ಇಳಿದುಬಿಡುತ್ತಿದ್ದೆ. ನೀನು ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಮುಟ್ಟುವುದಿಲ್ಲವೆಂದು ನಾನು ಬೇರೆ ಪಾತ್ರೆಯಲ್ಲಿ ಸಾರು ಮಾಡಿಟ್ಟು, ಹೊತ್ತು ಮುಳುಗಿದರೆ ನೀನು ಉಣ್ಣುವುದಿಲ್ಲವೆಂದು ಡೈರಿಗೆ ಹೊರಡುವ ಮುಂಚೆಯೇ ತಟ್ಟೆ ಹಾಕುತ್ತಿದ್ದೆ. ನೀವಿಬ್ಬರೂ ಜಗಲಿಯಲ್ಲಿ ಕೂತು ಪಿಸಪಿಸ ಅಂದುಕೊಂಡು ನಗುವುದನ್ನು ಕೇಳುತ್ತಾ ಒಳಗೆ ಪಾತ್ರೆ ತೊಳೆಯುವುದು ನನಗೆ ಸಂತೋಷವಾಗಿತ್ತು.

ಹೋದ ವರ್ಷ ಆಷಾಢದಲ್ಲಿ ಬಿಂದು ಬದಲಾದಳು. ಫೋನನ್ನು ಮಗುಚಿ ಇಡತೊಡಗಿದಳು. ಕರೆದರೆ ಎರಡು ಸಲಕ್ಕೆ ಓಗೊಡುತ್ತಿದ್ದಳು. ಕಾಲೇಜಿನವರ ಗೋವಾ ಪ್ರವಾಸಕ್ಕೆ ಅವಳಪ್ಪ ಉಮಾಶಂಕರ್ ಬೇಡವೆಂದರು. ಅವರು ಹಳೇಬೀಡಿನಲ್ಲಿ ಪಂಪ್‌ಸೆಟ್ ಮೋಟಾರ್ ರಿಪೇರಿ ಅಂಗಡಿ ಇಟ್ಟವರು, ಜಾಸ್ತಿ ಮಾತಿಲ್ಲ, ಬೇಡ ಅಂದರೆ ಬೇಡ. ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಏನೋ ಬೆರೆತಿದೆ ಎಂದು ನನಗೆ ಆಗಲೇ ವಾಸನೆ ಹೊಡೆಯಿತು.

ಒಂದು ದಿನ ಅವಳು ಸ್ನಾನಕ್ಕೆ ಹೋಗಿದ್ದಾಗ ಕಿಟಕಿಯಲ್ಲಿ ಮಗುಚಿಟ್ಟ ಫೋನು ಸದ್ದು ಮಾಡಿತು, ತಿರುಗಿಸಿ ನೋಡಿದೆ. ನಿನ್ನ ಹೆಸರು, ಕೆಳಗೆ ಎರಡೇ ಇಂಗ್ಲಿಷ್ ಪದ. ನಾನು ಪಿಯುಸಿವರೆಗೆ ಓದಿದವಳು, ಅಕ್ಷರ ಕೂಡಿಸಿ ಓದಬಲ್ಲೆ. "ಸ್ಲೇ ಬೇ." ಅರ್ಥವಾಗಲಿಲ್ಲ. ಪಶು ಆಹಾರದ ಚೀಟಿಯ ಹಿಂದೆ ಬರೆದುಕೊಂಡೆ. ಮೂರು ದಿನ ಬಿಟ್ಟು ಇನ್ನೊಂದು ಕಂಡಿತು. "ದಟ್ ಡ್ರಿಪ್ ವಾಸ್ ಡೋಪ್. ಐ ಆಮ್ ಡೆಡ್." ಅದನ್ನೂ ಬರೆದುಕೊಂಡೆ. ಆ ವಾರ ಅರಸೀಕೆರೆಯಲ್ಲಿ ನೆಂಟರ ಮದುವೆಯಿತ್ತು. ಊಟಕ್ಕೂ ನಿಲ್ಲದೆ ಬಸ್ ಸ್ಟ್ಯಾಂಡ್ ಹತ್ತಿರದ ಪುಸ್ತಕದ ಅಂಗಡಿಗೆ ಹೋಗಿ ಇಂಗ್ಲಿಷ್ ಕನ್ನಡ ನಿಘಂಟು ಕೇಳಿದೆ. ಅಂಗಡಿಯವನು, "ಮಗು ಯಾವ ಕ್ಲಾಸಮ್ಮ?" ಅಂದ. ಡಿಗ್ರಿ ಅಂದೆ. "ಡಿಗ್ರಿಯೋರಿಗೆ ಇದ್ಯಾಕೆ, ಎಲ್ಲಾ ಫೋನಲ್ಲೇ ಐತಲ್ಲ" ಅಂದ. ಇವನಿಗೇಕೆ ಇಷ್ಟು ವಿಚಾರಣೆ ಎಂದು ಅವನ ಮೇಲೂ ನನಗೆ ಅನುಮಾನ ಬಂತು. ಆಗ ನನ್ನ ತಲೆ ಹೇಗಿತ್ತು ನೋಡು.

ನಿಘಂಟನ್ನು ರಾಗಿ ಡ್ರಮ್ಮಿನ ಹಿಂದೆ ಇಟ್ಟಿದ್ದೆ. ಮಧ್ಯಾಹ್ನ ಯಾರೂ ಇಲ್ಲದಾಗ ತೆಗೆದು ಹುಡುಕುತ್ತಿದ್ದೆ. ಸ್ಲೇ ಸಿಕ್ಕಿತು. ಕೊಲ್ಲು, ಸಂಹರಿಸು ಎಂದಿತ್ತು. ನೀನು ಬರೆದ ಬಿ, ಎ, ಇ ಎಂಬ ಮೂರು ಅಕ್ಷರದ ಪದ ಆ ಪುಸ್ತಕದಲ್ಲಿ ಇರಲಿಲ್ಲ. ಕೂಗಿದರೆ ಅದೇ ಸದ್ದು ಬರುವ ಇನ್ನೊಂದು ಬೇ ಇತ್ತು, ಬಿ, ಎ, ವೈ. ಅದರ ಮುಂದೆ ಅಚ್ಚಾಗಿದ್ದುದು ಒಂದೇ ಮಾತು: ಕೊಲ್ಲಿ. ಬಂಗಾಳ ಕೊಲ್ಲಿ ಎಂದು ಶಾಲೆಯಲ್ಲಿ ನಕ್ಷೆ ಮೇಲೆ ಕೋಲಿಟ್ಟು ತೋರಿಸಿದವಳು ನಾನು. ಸಮುದ್ರ ಒಳಕ್ಕೆ ಬಾಗಿದ ಜಾಗ ಎಂದು ಗೊತ್ತಿರುವವಳು ನಾನು. ಅವತ್ತು ಆ ಕೊಲ್ಲಿ ನೆನಪಿಗೆ ಬರಲಿಲ್ಲ ಕಣೇ. ಕೊಲ್ಲು, ಕೊಲ್ಲಿ ಎಂದು ಯಾರೋ ಎರಡು ಸಲ ಆಜ್ಞೆ ಮಾಡಿದ ಹಾಗೆ ಓದಿಕೊಂಡೆ. ಪುಸ್ತಕ ಮುಚ್ಚಿ ಎಷ್ಟೋ ಹೊತ್ತು ಡ್ರಮ್ಮಿಗೆ ಒರಗಿ ಕೂತಿದ್ದೆ.

ಡೋಪ್ ಅಂದರೆ ಮಾದಕವಸ್ತು ಎಂದಿತ್ತು. ಡ್ರಿಪ್‌ಗೆ ಪುಸ್ತಕ ಬೇಕಿರಲಿಲ್ಲ. ತೆಂಗಿನ ಬುಡಕ್ಕೆ ನೀರು ಬಿಡುವ ಡ್ರಿಪ್ ನಮ್ಮಲ್ಲೇ ಇದೆ. ಆಸ್ಪತ್ರೆಯಲ್ಲಿ ನರಕ್ಕೆ ಸೂಜಿ ಚುಚ್ಚಿ ಹಾಕುವ ಡ್ರಿಪ್ಪೂ ಗೊತ್ತು. ಎರಡನ್ನೂ ಸೇರಿಸಿ, ಮಗಳು ನರಕ್ಕೆ ಏನೋ ಚುಚ್ಚಿಕೊಳ್ಳುತ್ತಿದ್ದಾಳೆ ಎಂದು ತೀರ್ಮಾನಿಸಿದೆ. ಭಾನುವಾರ ಎಣ್ಣೆ ಹಚ್ಚುವ ನೆಪ ಮಾಡಿ ಅವಳನ್ನು ಬಿಸಿಲಲ್ಲಿ ಕೂರಿಸಿ ಎರಡು ತೋಳನ್ನೂ ತಿರುಗಿಸಿ ತಿರುಗಿಸಿ ನೋಡಿದೆ. ಎಡಗೈಯಲ್ಲಿ ಒಂದು ಕೆಂಪು ಚುಕ್ಕೆ ಇತ್ತು. "ಏನೇ ಇದು?" ಅಂದೆ. "ಸೊಳ್ಳೆ ಕಣಮ್ಮ" ಅಂದಳು. ಅವಳು ತಕ್ಷಣ ಹೇಳಿದಳಲ್ಲ, ಅದಕ್ಕೇ ನಾನು ನಂಬಲಿಲ್ಲ.

ಆಮೇಲೆ ಬಂದದ್ದು, "ಸ್ಟಿಲ್ ಸಸ್. ಘೋಸ್ಟ್ ಹಿಮ್." ಸಸ್ ಎಂಬುದು ಪುಸ್ತಕದಲ್ಲಿ ಸಿಗಲಿಲ್ಲ. ಅದರಂತೆ ಶುರುವಾಗುವ ಪದಗಳ ಮೇಲೆ ಬೆರಳಿಟ್ಟುಕೊಂಡು ಕೆಳಗೆ ಬಂದೆ. ಸಸ್ಪೆಂಡ್ ಎಂಬಲ್ಲಿ ನಿಂತೆ. ನೇತುಹಾಕು ಎಂದಿತ್ತು. ಅದಕ್ಕಿಂತ ಒಂದೆರಡು ಸಾಲು ಮೇಲೆ ಸಸ್ಪೆಕ್ಟ್ ಇತ್ತು, ಅನುಮಾನಪಡು ಎಂದು. ಅದನ್ನು ದಾಟಿಕೊಂಡೇ ಬಂದಿದ್ದೆ. ದಿನವಿಡೀ ಅದೇ ಕೆಲಸ ಮಾಡುವವಳಿಗೆ ಆ ಪದ ಕಣ್ಣಿಗೆ ಬೀಳಲಿಲ್ಲ. ಘೋಸ್ಟ್ ಅಂದರೆ ದೆವ್ವ. ಅವನನ್ನು ದೆವ್ವ ಮಾಡು. ಯಾರನ್ನು? ನಮ್ಮ ಮನೆಯಲ್ಲಿ ಅವಳಿಗೆ ಸಿಟ್ಟಿದ್ದ ಗಂಡಸು ಒಬ್ಬರೇ.

ಮಾರನೆಯ ಬೆಳಗ್ಗೆ, ವಾರಗಟ್ಟಲೆ ಮಾತು ಬಿಟ್ಟಿದ್ದ ಬಿಂದು ತಾನಾಗಿ ಕಾಫಿ ಮಾಡಿ ಅಪ್ಪನಿಗೆ ತಂದುಕೊಟ್ಟಳು. ಅವರು ಲೋಟ ಬಾಯಿಗೆ ಎತ್ತಿದ್ದರು. ನಾನು ಓಡಿ ಹೋಗಿ ಕಿತ್ತುಕೊಂಡು, ಬಿಸಿಬಿಸಿಯಾಗಿದ್ದುದನ್ನು ಒಂದೇ ಉಸಿರಿಗೆ ಕುಡಿದುಬಿಟ್ಟೆ. ನಾಲಿಗೆ ಸುಟ್ಟಿತು. ಅವರು "ಏನೇ ಇದು, ನಿಂಗೂ ಒಂದು ಲೋಟ ಮಾಡಿಸ್ಕೊಳ್ಳೋಕೆ ಆಗಲ್ವಾ" ಎಂದು ನಕ್ಕರು. ಬಿಂದು ಕೂಡ ನಕ್ಕಳು. ನಾನು ಹೊಟ್ಟೆ ಹಿಡಿದುಕೊಂಡು ಡೈರಿಯಲ್ಲಿ ಎರಡು ತಾಸು ಕಾದೆ, ಏನಾಗುತ್ತದೋ ಎಂದು. ಏನೂ ಆಗಲಿಲ್ಲ. ಅವಳು ಅಪ್ಪನ ಜೊತೆ ರಾಜಿಯಾಗಲು ಮಾಡಿದ ಕಾಫಿ ಅದು. ಇದನ್ನು ಇವತ್ತಿನವರೆಗೂ ಅವಳಿಗೆ ಹೇಳಿಲ್ಲ. ನಿನಗೆ ಮೊದಲು ಹೇಳುತ್ತಿದ್ದೇನೆ. ಹೆತ್ತ ಮಗಳು ಕೊಟ್ಟ ಕಾಫಿಯನ್ನು ನಾನು ವಿಷವೆಂದು ಕುಡಿದೆ.

ಕೊನೆಯದು ಶುಕ್ರವಾರ ಬಂತು. "ನೋ ಕ್ಯಾಪ್. ಹೀ ಈಸ್ ಎ ಕ್ಯಾಟ್‌ಫಿಶ್. ಎಂಡ್ ಇಟ್ ಟುಡೇ." ಕ್ಯಾಪ್ ಅಂದರೆ ಟೋಪಿ. ಕ್ಯಾಟ್‌ಫಿಶ್ ಅಂದರೆ ಮೀಸೆಯಂಥದ್ದು ಇರುವ ಒಂದು ಬಗೆಯ ಮೀನು. ನನ್ನ ಗಂಡನ ಮೀಸೆ ನಿನಗೆ ಗೊತ್ತಲ್ಲ. ಇನ್ನು ಕೊನೆಯ ವಾಕ್ಯಕ್ಕೆ ನಿಘಂಟು ತೆಗೆಯಲೇ ಇಲ್ಲ. ಇವತ್ತೇ ಮುಗಿಸು.

ಅವತ್ತು ನಡೆದದ್ದು ನಿನಗೆ ಗೊತ್ತು. ನಾನು ಬಸ್ಸು ಹಿಡಿದು ಹಳೇಬೀಡಿಗೆ ಬಂದೆ. ಬಸದಿ ಬೀದಿಯಲ್ಲಿ ನಿಮ್ಮ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ನಿಮ್ಮಪ್ಪ ಜಯಕುಮಾರ ಅವರು ಯಾರಿಗೋ ಬೆಲ್ಲ ತೂಗುತ್ತಿದ್ದರು, ನಿಮ್ಮಮ್ಮ ಒಳಗೆ ನೀರು ಸೋಸುತ್ತಿದ್ದರು, ನೀನು ಅಪ್ಪನ ಪಕ್ಕ ನಿಂತಿದ್ದೆ. ನಾನು ಗಿರಾಕಿಗಳ ಎದುರಿಗೇ ಚೀಟಿ ತೆಗೆದು ಒಂದೊಂದೇ ಪದ, ಒಂದೊಂದೇ ಅರ್ಥ ಓದಿದೆ. ನನ್ನ ಮಗಳಿಗೆ ಅಪ್ಪನನ್ನು ಕೊಲ್ಲುವುದನ್ನು ಹೇಳಿಕೊಡುತ್ತಿದ್ದೀಯಾ ಎಂದು ಕೂಗಿದೆ. ದೀಪಕ್ಕೆ ಹುಳು ಬೀಳುತ್ತದೆಂದು ಹಗಲಲ್ಲೇ ಊಟ ಮುಗಿಸುವ ಮನೆಯ ಬಾಗಿಲಲ್ಲಿ ನಿಂತು ಹಾಗೆ ಕೂಗಿದೆ.

ನೀನು, "ಆಂಟಿ, ಅದು ಹಾಗಲ್ಲ, ಆ ಮಾತುಗಳಿಗೆ ನಮ್ಮಲ್ಲಿ ಅರ್ಥ ಬೇರೆ" ಅಂದೆ. "ಹಾಗಾದ್ರೆ ಹೇಳು, ಯಾರನ್ನ ಮುಗಿಸೋದು? ಅವನು ಯಾರು?" ಎಂದು ಕೇಳಿದೆ. ನೀನು ಬಾಯಿ ತೆರೆದವಳು ಮುಚ್ಚಿಕೊಂಡೆ. ನಿಮ್ಮಪ್ಪ ಕೂಡ, "ಹೇಳಮ್ಮ, ಯಾರು?" ಅಂದರು. ನೀನು ನೆಲ ನೋಡುತ್ತಾ ನಿಂತೆ. ನನಗೆ ಅಷ್ಟು ಸಾಕಾಯಿತು. ಸಿಕ್ಕಿಬಿದ್ದವರು ಹೀಗೇ ನಿಲ್ಲುವುದನ್ನು ಹದಿನಾರು ವರ್ಷ ನೋಡಿದ್ದೆನಲ್ಲ. ಹೇಳಿದರೆ ಬಿಂದುವಿನ ಗುಟ್ಟು ಬೀದಿಗೆ ಬೀಳುತ್ತದೆ, ಯಾರಿಗೂ ಹೇಳುವುದಿಲ್ಲವೆಂದು ಅವಳಿಗೆ ಮಾತು ಕೊಟ್ಟಿದ್ದೀಯ ಎಂದು ನನಗೇನು ಗೊತ್ತಿತ್ತು? ನಿಮ್ಮಪ್ಪ ತಕ್ಕಡಿ ಕೆಳಗಿಟ್ಟು, "ಅನುಸೂಯಮ್ಮನವರೇ, ಇನ್ಮೇಲೆ ಇವಳು ನಿಮ್ಮನೆ ಕಡೆ ಬರಲ್ಲ. ನೀವೂ ಬರಬೇಡಿ" ಅಂದರು. ಅಷ್ಟೇ ಅಂದರು.

ಮನೆಗೆ ಬಂದು ಬಿಂದುವಿಗೆ ಹೇಳಿದೆ, ನಿನ್ನ ಜಿನಶ್ರೀ ಸಹವಾಸ ಇವತ್ತಿಗೆ ಮುಗೀತು ಎಂದು. ಅವಳು ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಮಾಡಲಿಲ್ಲ. "ಆಯ್ತಮ್ಮ" ಅಂದಳು. ನಿನ್ನ ನಂಬರನ್ನು ನನ್ನ ಫೋನಿನಲ್ಲಿ ಬ್ಲಾಕ್ ಮಾಡಿಕೊಟ್ಟವಳೂ ಅವಳೇ. ಅಡ್ಡ ನಿಂತಿದ್ದ ನೀನೊಬ್ಬಳು ಹೋದೆಯಲ್ಲ ಎಂದು ಆಗ ಅವಳಿಗೆ ನಿರಾಳವಾಗಿತ್ತಂತೆ. ಈಗ ಹೇಳಿಕೊಂಡು ಅಳುತ್ತಾಳೆ.

ನಿನ್ನ ಜಾಗಕ್ಕೆ ದಿವ್ಯಾ ಬಂದಳು. ಅರಸೀಕೆರೆಯ ಹುಡುಗಿ, ಹೊಸದಾಗಿ ಕ್ಲಾಸಿಗೆ ಸೇರಿದ್ದಾಳೆ ಎಂದು ಬಿಂದು ಹೇಳಿದಳು. ಫೋನು ಬೆಳಗಿದಾಗ ನಾನು ನೋಡುತ್ತಿದ್ದೆ, ಈಗ ಬಿಂದು ಅದನ್ನು ಮಗುಚಿ ಇಡುತ್ತಿರಲಿಲ್ಲ. "ಟೇಕ್ ಕೇರ್ ಡಿಯರ್." "ಟ್ರಸ್ಟ್ ಮಿ." "ಐ ಪ್ರಾಮಿಸ್." ಒಂದೊಂದನ್ನೂ ಡ್ರಮ್ಮಿನ ಹಿಂದಿನ ಪುಸ್ತಕದಲ್ಲಿ ತೆಗೆದು ನೋಡಿದೆ. ಕಾಳಜಿ, ನಂಬಿಕೆ, ಮಾತು ಕೊಡು. ಎಲ್ಲ ಒಳ್ಳೆಯ ಮಾತು, ಎಲ್ಲ ಪುಸ್ತಕದಲ್ಲಿ ಇರುವ ಹಾಗೇ. ನನ್ನ ಗಂಡನಿಗೆ, "ನೋಡ್ರೀ, ಹುಡುಗಿ ಅಂದ್ರೆ ಹಿಂಗಿರ್ಬೇಕು" ಅಂದೆ. ಗೌರಿಹಬ್ಬದ ಕರ್ಜಿಕಾಯಿ ಡಬ್ಬಿಗೆ ತುಂಬಿ ದಿವ್ಯಾಳಿಗೆಂದು ಕಳಿಸಿದೆ. ಅವಳ ಅಕ್ಕನ ಮಗುವಿನ ನಾಮಕರಣ ಅರಸೀಕೆರೆಯಲ್ಲಿ ಎಂದಾಗ ನಾನೇ ಹೊಸ ಚೂಡಿದಾರ್ ಇಸ್ತ್ರಿ ಮಾಡಿಕೊಟ್ಟು ಬೆಳಗಿನ ಬಸ್ಸು ಹತ್ತಿಸಿ ಬಂದೆ.

ಅದೇ ಬೆಳಗ್ಗೆ ಎಂಟು ಗಂಟೆ ಹೊತ್ತಿಗೆ ನೀನು ಡೈರಿಗೆ ಬಂದೆ. ಸಾಲಿನಲ್ಲಿ ಇನ್ನೂ ಏಳೆಂಟು ಜನರಿದ್ದರು. ನಾನು ಬಸದಿ ಬೀದಿಯಲ್ಲಿ ಮಾಡಿದ ರಂಪ ಎಲ್ಲರಿಗೂ ಗೊತ್ತಿತ್ತು, ನಾನೇ ಹೇಳಿದ್ದೆ. ಎಲ್ಲರೂ ನಿನ್ನನ್ನು ನೋಡಿದರು. ನೀನು ಅವರನ್ನೆಲ್ಲ ದಾಟಿಕೊಂಡು ಬಂದು ನನ್ನ ಹತ್ತಿರ ಬಗ್ಗಿ ಸಣ್ಣ ದನಿಯಲ್ಲಿ ಹೇಳಿದೆ. "ಆಂಟಿ, ನಿಮ್ಮ ನಂಬರಿಗೆ ಹೋಗ್ತಿಲ್ಲ, ಅದಕ್ಕೆ ಬಂದೆ. ಬಿಂದು ರೈಲ್ವೆ ಸ್ಟೇಷನ್‌ಗೆ ಹೋಗಿದಾಳೆ. ದಿವ್ಯಾ ಅನ್ನೋರು ಯಾರೂ ಇಲ್ಲ."

ನಾನು ನಿನ್ನ ಮುಖ ನೋಡಿದೆ. ಇದೇನು ಹೊಸ ಆಟ ಎಂದುಕೊಂಡೆ. "ಸರಿ, ಇವರದ್ದು ಮುಗಿಸ್ತೀನಿ ಇರು" ಎಂದು ಇನ್ನೂ ಇಬ್ಬರ ಹಾಲು ಪರೀಕ್ಷೆ ಮಾಡಿದೆ. ನಿಧಾನವಾಗಿ ಮಾಡಿದೆ, ನಿನ್ನನ್ನು ಕಾಯಿಸಬೇಕೆಂದೇ. ನೀನು ಅಲ್ಲೇ ನಿಂತಿದ್ದೆ. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಆಮೇಲೆ ನೀನು ನಿನ್ನ ಫೋನನ್ನು ನನ್ನ ಕಣ್ಣಿನ ಮುಂದೆ ಹಿಡಿದೆ. ಬಿಂದು ಹಿಂದಿನ ದಿನ ನಿನಗೆ ಕಳಿಸಿದ್ದು. "ನಾಳೆ ಅರಸೀಕೆರೆ ಸ್ಟೇಷನ್ನಲ್ಲಿ ಆರ್ಯನ್‌ನ ಮೀಟ್ ಮಾಡ್ತೀನಿ. ಅವನ ನಂಬರ್ ದಿವ್ಯಾ ಅಂತ ಇಟ್ಕೊಂಡಿದೀನಿ, ಮನೇಲೂ ಹಾಗೇ ಹೇಳಿದೀನಿ. ಫೋಟೊ ಕಳಿಸ್ತೀನಿ, ಆಗ ಸಾರಿ ಕೇಳ್ತೀಯ ನೀನು." ಕನ್ನಡದಲ್ಲೇ ಇತ್ತು. ಅದಕ್ಕೆ ನಿಘಂಟು ಬೇಕಿರಲಿಲ್ಲ. ಬಿಂದುವಿಗೆ ಫೋನ್ ಮಾಡಿದೆ, ಸ್ವಿಚ್ ಆಫ್.

ನನ್ನ ಗಂಡನಿಗೆ ಹೇಳಿದೆ, ಇವರು ಅಂಗಡಿಯಿಂದ ಓಮ್ನಿ ತಂದರು. ಜಾವಗಲ್ ದಾಟಿದೆವು. ಆಮೇಲೆ ನೀನೇ ಶುರು ಮಾಡಿದೆ. ಬಿಂದುವಿಗೆ ಈ ಆರ್ಯನ್ ಐದು ತಿಂಗಳಿಂದ ಫೋನಿನಲ್ಲಿ ಪರಿಚಯ, ಹಡಗಿನಲ್ಲಿ ಎಂಜಿನಿಯರ್ ಎಂದು ಹೇಳಿಕೊಂಡಿದ್ದಾನೆ, ಒಂದು ದಿನವೂ ವಿಡಿಯೊದಲ್ಲಿ ಮುಖ ತೋರಿಸಿಲ್ಲ. ಅವನು ಕಳಿಸಿದ ಫೋಟೊ ಬೇರೆ ಯಾರದೋ ಎಂದು ನೀನು ಹುಡುಕಿ ಬಿಂದುವಿಗೆ ತೋರಿಸಿದರೂ ಅವಳು ನಂಬಲಿಲ್ಲ, ನಿನಗೆ ಹೊಟ್ಟೆಕಿಚ್ಚು ಅಂದಳು. ನಾನು ಬ್ಲೌಸಿನೊಳಗೆ ಇನ್ನೂ ಇಟ್ಟುಕೊಂಡಿದ್ದ ಚೀಟಿಯನ್ನು ತೆಗೆದೆ. ಅದನ್ನು ಯಾಕೆ ತೆಗೆದೆನೋ ಗೊತ್ತಿಲ್ಲ. "ಇದು?" ಅಂದೆ.

ನೀನು ಒಂದೊಂದಾಗಿ ಹೇಳಿದೆ. ಸ್ಲೇ ಅಂದರೆ ಸಖತ್ತಾಗಿ ಕಾಣ್ತಿದೀಯ ಅಂತ, ಅವಳು ಸೀರೆ ಉಟ್ಟ ಫೋಟೊಗೆ ಕಳಿಸಿದ್ದು. ಬೇ ಅಂದರೆ ಪ್ರೀತಿಯವರನ್ನು ಕರೆಯುವುದು, ನಾವು ಚಿನ್ನ ಅನ್ನುವುದಿಲ್ಲವೇ ಹಾಗೆ. ಡ್ರಿಪ್ ಅಂದರೆ ಹಾಕಿಕೊಂಡ ಬಟ್ಟೆಯ ಸ್ಟೈಲು, ಡೋಪ್ ಅಂದರೆ ಸೂಪರ್, ಐ ಆಮ್ ಡೆಡ್ ಅಂದರೆ ನೋಡಿ ಫಿದಾ ಆದೆ ಅಂತ. ಸಸ್ ಅಂದರೆ ಅನುಮಾನ. ಘೋಸ್ಟ್ ಮಾಡು ಅಂದರೆ ಅವನ ಮೆಸೇಜಿಗೆ ಉತ್ತರ ಕೊಡದೆ ಸುಮ್ಮನಾಗಿಬಿಡು. ಬೇರೆಯವರ ಮುಖ ಹಾಕಿಕೊಂಡು ಮೋಸ ಮಾಡುವವನು ಕ್ಯಾಟ್‌ಫಿಶ್. ಕ್ಯಾಪ್ ಅಂದರೆ ಸುಳ್ಳು. ಅಲ್ಲಿಗೆ ಬಂದಾಗ ಸ್ಟಿಯರಿಂಗ್ ಹಿಡಿದಿದ್ದ ಇವರು ಮೊದಲ ಸಲ ಬಾಯಿ ಬಿಟ್ಟರು. "ಟೋಪಿ ಹಾಕೋದು ಅಂತೀವಲ್ಲ, ಅದೇ ಆಯ್ತು." ಹೌದು ಕಣೇ. ಅಷ್ಟನ್ನು ನನ್ನ ಭಾಷೆಯೇ ನನಗೆ ಹೇಳಿಕೊಟ್ಟಿತ್ತು. ನನಗೆ ಕೇಳಿಸಲಿಲ್ಲ.

"ಪುಸ್ತಕದಲ್ಲಿ ಬೇರೆ ಇತ್ತಲ್ಲೇ" ಎಂದೆ, ಅಳುತ್ತಾ. ನೀನು, "ಪುಸ್ತಕ ತಪ್ಪಲ್ಲ ಆಂಟಿ. ನಿಮ್ಮ ಡೈರೀಲಿ ಹಾಲಿಗೆ ಫ್ಯಾಟ್ ಜಾಸ್ತಿ ಬಂತು ಅಂದ್ರೆ ಖುಷಿ ಪಡ್ತಾರೆ. ನಮ್ಮ ಕ್ಲಾಸಲ್ಲಿ ಯಾರಿಗಾದ್ರೂ ಫ್ಯಾಟ್ ಅಂದ್ರೆ ಎರಡು ದಿನ ಊಟ ಬಿಡ್ತಾರೆ" ಅಂದೆ. ನನ್ನನ್ನು ಸಮಾಧಾನ ಮಾಡಲು ಹೇಳಿದ್ದು ಅದು. ಆ ಹೊತ್ತಿನಲ್ಲೂ ನಿನಗೆ ನನ್ನನ್ನು ಸಮಾಧಾನ ಮಾಡಬೇಕು ಅನ್ನಿಸಿತಲ್ಲ.

ಸ್ಟೇಷನ್ನಿನಲ್ಲಿ ಬಿಂದು ಎರಡನೇ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಂತಿದ್ದಳು. ಪಕ್ಕದಲ್ಲಿ ನಲವತ್ತು ದಾಟಿದ ಗಂಡಸು, ಮಡಿಕೆ ಮುರಿಯದ ಶರ್ಟು, ಕೈಯಲ್ಲಿ ಅವಳ ಬ್ಯಾಗು.  ಇವರು ನುಗ್ಗಲು ಹೋದರು, ನೀನು ಅವರ ಕೈ ಹಿಡಿದು ನಿಲ್ಲಿಸಿ ಮುಂದೆ ನಡೆದೆ. ಆ ಮನುಷ್ಯ ಗಾಬರಿಯಾಗಲಿಲ್ಲ. "ನಾನು ಆರ್ಯನ್ ಮಾವ. ಅವನಿಗೆ ರಜೆ ಸಿಗ್ಲಿಲ್ಲ, ಅದಕ್ಕೆ ಹುಡುಗೀನ ಕರ್ಕೊಂಡು ಹೋಗೋಕೆ ನಾನೇ ಬಂದೆ" ಎಂದು ನಗುತ್ತಾ ಹೇಳಿದ. ಎಷ್ಟು ಚೆನ್ನಾಗಿ ಮಾತಾಡಿದ ಅಂದರೆ, ಒಂದು ಗಳಿಗೆ ನಾನೂ ನಂಬಿದೆ. ಇಷ್ಟೆಲ್ಲ ಅನುಮಾನಪಟ್ಟವಳು, ಅನುಮಾನ ಪಡಲೇಬೇಕಾದ ಜಾಗದಲ್ಲಿ ನಂಬಿದೆ.

ನೀನು ಮಾತ್ರ ನಂಬಲಿಲ್ಲ. "ಹೌದಾ ಅಂಕಲ್, ಹಾಗಾದ್ರೆ ಆರ್ಯನ್ ಜೊತೆ ಒಂದು ಮಾತಾಡ್ತೀನಿ" ಎಂದು ಬಿಂದುವಿನ ಫೋನು ತೆಗೆದುಕೊಂಡು, ಆನ್ ಮಾಡಿ, ದಿವ್ಯಾ ಎಂದು ಬರೆದಿದ್ದ ನಂಬರನ್ನು ಒತ್ತಿದೆ. ಅವನ ಶರ್ಟಿನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಬಿಂದು ಅವನ ಜೇಬನ್ನೇ ನೋಡುತ್ತಿದ್ದಳು. ಅವನು ಬ್ಯಾಗು ಕೆಳಗಿಟ್ಟು, ಏನೋ ಗೊಣಗುತ್ತಾ, ಅದಾಗಲೇ ಹೊರಟಿದ್ದ ಹುಬ್ಬಳ್ಳಿ ಕಡೆಯ ರೈಲನ್ನು ಹತ್ತಿಬಿಟ್ಟ. ಇವರು ಓಡಿದರೂ ಸಿಗಲಿಲ್ಲ. ರೈಲ್ವೆ ಪೊಲೀಸರಿಗೆ ದೂರು ಕೊಟ್ಟೆವು. ಆ ಸ್ಟೇಷನ್ನಿನಲ್ಲಿ ಕೂತು, ಹೇಳಿ, ಬರೆಸಿ, ಸಹಿ ಹಾಕುವಷ್ಟರಲ್ಲಿ ಸಂಜೆಯಾಯಿತು. ಅವನ ನಂಬರು ಸತ್ತುಹೋಗಿದೆ, ಹುಡುಕುತ್ತಿದ್ದೇವೆ ಎಂದು ಇವತ್ತಿಗೂ ಹೇಳುತ್ತಾರೆ. ಜನ ಸೇರಿದಲ್ಲಿ ಮಡಿಕೆ ಮುರಿಯದ ಶರ್ಟು ಕಂಡರೆ ನಾನು ಇನ್ನೂ ಆ ಮುಖ ನೋಡದೆ ಮುಂದೆ ಹೋಗುವುದಿಲ್ಲ.

ವಾಪಸು ಬರುವಾಗ ಬಾಣಾವರದಲ್ಲಿ ಇವರು ಓಮ್ನಿ ನಿಲ್ಲಿಸಿ ಇಡ್ಲಿ ಕಟ್ಟಿಸಿಕೊಂಡು ಬಂದರು. ಬಿಂದುವಿಗೆ ತಿನ್ನಿಸಿದೆ, ನಾನೂ ತಿಂದೆ. ನಿನ್ನ ಕೈಯಲ್ಲಿ ಪೊಟ್ಟಣ ಹಾಗೇ ಇತ್ತು. ಹೊರಗೆ ಕತ್ತಲಾಗಿತ್ತು. ಬೆಳಗ್ಗೆಯಿಂದ ನೀನು ಏನೂ ತಿಂದಿಲ್ಲವೆಂದು ನನಗೆ ಆಗ ಹೊಳೆಯಿತು.  ಆದರೂ ನಾನು ಕ್ಷಮಿಸು ಎನ್ನಲಿಲ್ಲ. ನೀನು ನಿಮ್ಮ ಬೀದಿಯ ತಿರುವಿನಲ್ಲಿ ಇಳಿದು, "ಬಿಂದೂನ ಬೈಬೇಡಿ ಆಂಟಿ" ಎಂದು ಹೇಳಿ ಹೋದೆ.

ಇಲ್ಲಿಯವರೆಗೆ ನಿನಗೆ ಗೊತ್ತಿರುವುದು. ಇನ್ನು ಗೊತ್ತಿಲ್ಲದ್ದು.

ಮಾರನೆಯ ದಿನ ಡೈರಿಯಲ್ಲಿ ದೇವೀರಮ್ಮ ಕೇಳಿದಳು. "ಅನುಸೂಯಕ್ಕ, ಆ ಬಸ್ತಿ ಬೀದಿ ಹುಡ್ಗಿ ಬಿಂದೂನ ಅರಸೀಕೆರೆಗೆ ಕರ್ಕಂಡ್ ಹೋಗಿದ್ಲಂತೆ? ನೀವು ಹೋಗಿ ಬಿಡಿಸ್ಕೊಂಡು ಬಂದ್ರಂತೆ?" ನೀನು ಓಮ್ನಿಯಲ್ಲಿ ಇದ್ದುದನ್ನು, ಬಿಂದು ಅಳುತ್ತಿದ್ದುದನ್ನು ಯಾರೋ ನೋಡಿದ್ದರು. ನಿಜ ಹೇಳಿದರೆ ಮಗಳ ಹೆಸರು ಹೋಗುತ್ತದೆ. ನಾನು "ಹೂಂ" ಅಂದೆ. ಅಷ್ಟೇ ಅಂದದ್ದು. ಒಂದು ವಾರದಲ್ಲಿ ಆ ಹೂಂ ಹಳೇಬೀಡು ಮುಟ್ಟಿತು.

ಈ ವರ್ಷ ಜೂನಿನಲ್ಲಿ ನೀನು ಹಳೇಬೀಡಿನ ಪ್ರೈವೇಟ್ ಶಾಲೆಗೆ ಕಂಪ್ಯೂಟರ್ ಟೀಚರ್ ಕೆಲಸಕ್ಕೆ ಅರ್ಜಿ ಹಾಕಿದ್ದೆಯಲ್ಲ. ಎಲ್ಲ ಸರಿಹೋಗಿ ಕೊನೆಗೆ ಬೇಡ ಅಂದರಲ್ಲ. ಕಾರಣ ನಿನಗೆ ಯಾರೂ ಹೇಳಿರುವುದಿಲ್ಲ. ನಮ್ಮ ಡೈರಿ ಅಧ್ಯಕ್ಷರಾದ ಕರಿಯಯ್ಯನವರು ಆ ಶಾಲೆಯ ಕಮಿಟಿಯಲ್ಲೂ ಇದ್ದಾರೆ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ಆ ಹುಡ್ಗಿ ವಿಚಾರ ನಿಮ್ಮನೇಲಿ ಆಗಿದ್ದು ನಿಜಾನಾ? ಮಕ್ಳಿರೋ ಜಾಗ, ಅದಕ್ಕೆ ಕೇಳ್ತಿದೀನಿ" ಅಂದರು. ಆಗ ಹೇಳಬಹುದಿತ್ತು. ಒಬ್ಬರೇ ಇದ್ದರು, ದೊಡ್ಡವರು. ನಾನು, "ಹಳೇ ಮಾತು ಯಾಕೆ ಬಿಡಿ ಅಧ್ಯಕ್ಷರೇ" ಅಂದೆ. ಅವರು ಅದಕ್ಕೆ ಏನು ಅರ್ಥ ಮಾಡಿಕೊಳ್ಳುತ್ತಾರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಆಮೇಲೆ ನೀನು ತುಮಕೂರಿಗೆ ಯಾವುದೋ ಆಫೀಸಿನ ಕೆಲಸಕ್ಕೆ ಹೋದೆ ಎಂದು ಕೇಳಿದೆ. ಬಸದಿ ಬೀದಿಯ ಕಡೆ ಹೋಗುವುದನ್ನೇ ಬಿಟ್ಟೆ.

ಹೋದ ವಾರ ಬಿಂದುವಿಗೆ ಇದೆಲ್ಲ ಕಾಲೇಜಿನ ಗೆಳತಿಯೊಬ್ಬಳಿಂದ ತಿಳಿಯಿತು. ಮನೆಗೆ ಬಂದವಳೇ, "ಕರಿಯಯ್ಯನವರು ಕೇಳ್ದಾಗ ನೀನು ಏನಂದೆ?" ಅಂದಳು. ಹೇಳಿದೆ. ಅವಳು, "ನಾಳೆ ಡೈರಿಗೆ ನಾನೂ ಬತ್ತೀನಿ" ಅಂದಳು. ಬೇಡ ಎಂದು ಬೇಡಿಕೊಂಡೆ. "ನನ್ನ ಹೆಸರು ಉಳಿಸೋಕೆ ಅವಳ ಹೆಸರು ಖರ್ಚು ಮಾಡಿದೀವಿ ಕಣಮ್ಮ. ಸಾಕು" ಅಂದಳು. ಅವಳಪ್ಪ, "ಹೋಗಲಿ ಬಿಡು, ಹೇಳ್ಲಿ" ಅಂದರು.

ಬೆಳಗ್ಗೆ ಸಾಲು ತುಂಬ ಜನರಿದ್ದರು. ಕರಿಯಯ್ಯನವರೂ ಕ್ಯಾನು ಹಿಡಿದು ನಿಂತಿದ್ದರು. ಬಿಂದು ಮೆಷಿನ್ನಿನ ಪಕ್ಕ ನಿಂತು ಎಲ್ಲ ಹೇಳಿದಳು, ಆರ್ಯನ್ ಎಂಬ ಹೆಸರಿನಿಂದ ಹಿಡಿದು ಜೇಬಿನಲ್ಲಿ ಹೊಡೆದುಕೊಂಡ ಫೋನಿನವರೆಗೆ. ನಡುವೆ ಎಲ್ಲೂ ನಿಲ್ಲಿಸಲಿಲ್ಲ. ಅವಳು ಮುಗಿಸಿದ ಮೇಲೆ ನಾನು, "ನಾನು ಹೂಂ ಅಂದಿದ್ದು ಸುಳ್ಳು" ಎಂದೆ. ಕರಿಯಯ್ಯನವರು ಕ್ಯಾನು ಕೆಳಗಿಟ್ಟರು. "ಆ ಕೆಲ್ಸಕ್ಕೆ ಬೇರೆಯೋರು ಸೇರಾಯ್ತಲ್ಲಮ್ಮ" ಅಂದರು.  ಈಗ ಬಿಂದು ಬಸ್ಸಿಗೆ ನಿಂತರೆ ಹೆಂಗಸರು ಮಾತು ನಿಲ್ಲಿಸುತ್ತಾರೆ. ಅವಳು ತಲೆ ತಗ್ಗಿಸುವುದಿಲ್ಲ. ನೋಡಿದರೆ ಹೊಟ್ಟೆ ಉರಿಯುತ್ತದೆ. ನೀನು ಒಂದು ವರ್ಷ ಇದನ್ನೇ ಅನುಭವಿಸಿದೆಯಲ್ಲ ಎಂದು ಆಮೇಲೆ ನೆನಪಾಗುತ್ತದೆ.

ಅದೇ ದಿನ ಮಧ್ಯಾಹ್ನ ನಿಮ್ಮಪ್ಪನ ಅಂಗಡಿಗೆ ಹೋದೆ. ಬರಬೇಡಿ ಎಂದಿದ್ದರು, ಆದರೂ ಹೋದೆ. ಗಿರಾಕಿಗಳ ಎದುರಿಗೇ ಹೇಳಿದೆ, ಅವತ್ತು ಕೂಗಿದ್ದೂ ಅವರ ಎದುರಿಗೇ ತಾನೇ. ನಿಮ್ಮಪ್ಪ ಎಲ್ಲ ಕೇಳಿಸಿಕೊಂಡು, ಅವರೆಲ್ಲ ಹೋದ ಮೇಲೆ ಹೇಳಿದರು. "ಅರಸೀಕೆರೆ ವಿಚಾರ ಅವಳು ಮನೇಲೂ ಹೇಳ್ಲಿಲ್ಲ. ಆ ದಿನ ಎಲ್ಲಿಗೆ ಹೋಗಿದ್ದೆ ಅಂತ ಎಷ್ಟು ಕೇಳಿದ್ರೂ ಬಾಯಿ ಬಿಡ್ಲಿಲ್ಲ. ನಾನು ಅವಳ ಬ್ಯಾಗು ತೆಗೆದು ನೋಡೋಕೆ ಶುರು ಮಾಡ್ದೆ ಅನುಸೂಯಮ್ಮ. ದಿನಾ ನೋಡ್ತಿದ್ದೆ. ಒಂದಿನ ಅವಳು ಬಾಗಿಲಲ್ಲಿ ನಿಂತು ನೋಡಿಬಿಟ್ಲು. ಏನೂ ಅನ್ಲಿಲ್ಲ. ಆಮೇಲೇ ತುಮಕೂರಿಗೆ ಹೋಗ್ತೀನಿ ಅಂದಿದ್ದು." ತಕ್ಕಡಿ ಪಕ್ಕಕ್ಕೆ ಸರಿಸಿ, "ನೀವು ಪತ್ರ ಬರೀತೀರಾ ಅಂದ್ರೆ ಇದನ್ನೂ ಬರೀರಿ. ನನ್ನ ಬಾಯಲ್ಲಿ ಬರಲ್ಲ" ಅಂದರು.

ಬರೆದಿದ್ದೇನೆ.

ನಿನ್ನ ವಿಳಾಸ ಕೇಳಿದೆ. ಅವರು ಹೇಳಲಿಲ್ಲ, ಕವರು ಕೇಳಿ ತೆಗೆದುಕೊಂಡು, ಕನ್ನಡಕ ಹಾಕಿಕೊಂಡು ತಾವೇ ಬರೆದುಕೊಟ್ಟರು. ಮೇಲೆ ಅಪ್ಪನ ಅಕ್ಷರ ಕಂಡು ನೀನು ಇದನ್ನು ಒಡೆದಿರುತ್ತೀಯ. ನನ್ನ ಅಕ್ಷರವಿದ್ದಿದ್ದರೆ ಒಡೆಯುತ್ತಿದ್ದೆಯೋ ಇಲ್ಲವೋ, ನನಗೆ ಅನುಮಾನ.

ಎಲ್ಲಿದ್ದರೂ ಚೆನ್ನಾಗಿರು ಮಗಳೇ. ನಿನ್ನನ್ನು ನಂಬುವ ಜನ ನಿನ್ನ ಸುತ್ತ ಇರಲಿ.

ನಿನಗೆ ಅನ್ಯಾಯ ಮಾಡಿದ,
ಅನುಸೂಯಮ್ಮ